ಪಿಷ್ಟ ಒಡೆಯುವ ಕಿಣ್ವ: ಬ್ಯಾಕ್ಟೀರಿಯವೋ ಬೂಷ್ಟೋ, ಟ್ರೇಯೋ ಟ್ಯಾಂಕೋ?

ಬೆಂಗಳೂರಿನಲ್ಲಿ ಪಿಷ್ಟ ಒಡೆಯುವ ಕಿಣ್ವಗಳ ಸಣ್ಣ ಅಥವಾ ಮಧ್ಯಮ ಗಾತ್ರದ ಘಟಕ ಹಾಕಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಕಿಣ್ವ ಕೊಡುವ ಸೂಕ್ಷ್ಮಜೀವಿಯ ಒಳ್ಳೆಯ ತಳಿ ಎಲ್ಲಿ ಸಿಗುತ್ತದೆ ಎಂದು. ಹುದುಗುವಿಕೆಯ ಘಟಕಗಳಲ್ಲಿ ಹಲವು ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಿಣ್ವವನ್ನು ಕೊಂಡವರು ಅದನ್ನು ಯಾವ ಪಾತ್ರೆಗೆ ಹಾಕುತ್ತಾರೆ, ಆ ಪಾತ್ರೆಯಲ್ಲಿ ಎಷ್ಟು ಬಿಸಿಯಿದೆ, ಎಷ್ಟು ಆಮ್ಲವಿದೆ, ಕೆಲಸ ಮುಗಿದ ಮೇಲೆ ಆ ಕಿಣ್ವ ಉಳಿಯಬೇಕೋ ಅಳಿಯಬೇಕೋ ಎಂಬುದು ತಿಳಿದರೆ, ಯಾವ ಸೂಕ್ಷ್ಮಜೀವಿ ಬೇಕು ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಸೂಕ್ಷ್ಮಜೀವಿ ತೀರ್ಮಾನವಾದರೆ ಅದನ್ನು ಟ್ರೇಗಳಲ್ಲಿ ಒದ್ದೆ ಬೂಸಾದ ಮೇಲೆ ಬೆಳೆಸಬೇಕೋ ಟ್ಯಾಂಕಿನ ದ್ರವದಲ್ಲಿ ಬೆಳೆಸಬೇಕೋ ಎಂಬುದು ತಿಳಿಯುತ್ತದೆ. ಬಂಡವಾಳ, ನೀರು, ವಿದ್ಯುತ್ತಿನ ಲೆಕ್ಕ ಅದರ ಬೆನ್ನಿಗೆ ಬರುತ್ತದೆ. ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಗುವಿಗೆ ಸರಿ ಕಾಯಿಸಿದರೆ ಅದು ಅಷ್ಟೇ ಪ್ರಮಾಣದ ಸಾದಾ ಹಿಟ್ಟಿನ ಗಂಜಿಗಿಂತ ತೆಳ್ಳಗಿರುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮೊಳೆಯುವಾಗ ಕಾಳಿನಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವವು ಪಿಷ್ಟದ ಉದ್ದನೆಯ ಸರಪಣಿಗಳನ್ನು ಕತ್ತರಿಸಿರುವುದೇ ಅದಕ್ಕೆ ಕಾರಣ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನಶಾಸ್ತ್ರಜ್ಞರು ಮೊಳಕೆ ಬಾರ್ಲಿಯಿಂದ ಈ ಗುಣವುಳ್ಳ ಪದಾರ್ಥವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. 1894ರಲ್ಲಿ ಜಪಾನಿನ ಜೋಕಿಚಿ ತಕಾಮಿನೆ ಅವರು ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನು ಗೋಧಿ ಬೂಸಾದ ಮೇಲೆ ಬೆಳೆಸಿ ಅದೇ ಕೆಲಸದ ಕಿಣ್ವವನ್ನು ತೆಗೆಯುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಇಂದು ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಟ್ರೇಗಳಲ್ಲಿ ಬೂಸಾ ಹರಡುವವರು ಮೂಲತಃ ಮಾಡುತ್ತಿರುವುದು ತಕಾಮಿನೆ ಮಾಡಿದ ಕೆಲಸವನ್ನೇ.

ಒಂದು ಹೆಸರು, ಹಲವು ಕತ್ತರಿಗಳು

ಪಿಷ್ಟದಲ್ಲಿ ಎರಡು ಭಾಗಗಳಿವೆ. ನೇರವಾದ ಸರಪಣಿಯ ಅಮೈಲೋಸ್ ಸಾಮಾನ್ಯ ಧಾನ್ಯಗಳಲ್ಲಿ ಸುಮಾರು 20ರಿಂದ 30 ಶೇಕಡಾ ಇರುತ್ತದೆ; ಉಳಿದದ್ದು ಕವಲೊಡೆದ ಅಮೈಲೋಪೆಕ್ಟಿನ್. ಆಲ್ಫಾ ಅಮೈಲೇಸ್ ಸರಪಣಿಯ ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಆದ್ದರಿಂದ ಗಂಜಿ ನಿಮಿಷಗಳಲ್ಲಿ ತೆಳ್ಳಗಾಗುತ್ತದೆ, ಆದರೆ ಸಿಹಿ ಅಷ್ಟಾಗಿ ಬರುವುದಿಲ್ಲ. ಗ್ಲೂಕೋಅಮೈಲೇಸ್ ಸರಪಣಿಯ ತುದಿಯಿಂದ ಒಂದೊಂದೇ ಗ್ಲೂಕೋಸನ್ನು ಕಿತ್ತು ತೆಗೆಯುತ್ತದೆ. ಕವಲಿನ ಗಂಟನ್ನೂ ಬಿಡಿಸುತ್ತದೆ, ಆದರೆ ನಿಧಾನವಾಗಿ. ಆ ಗಂಟನ್ನು ಬಿಡಿಸುವುದನ್ನೇ ಕಸುಬಾಗಿ ಉಳ್ಳದ್ದು ಪುಲ್ಯುಲನೇಸ್. ಬೀಟಾ ಅಮೈಲೇಸ್ ಎರಡೆರಡು ಗ್ಲೂಕೋಸ್‌ಗಳ ಜೋಡಿಯಾದ ಮಾಲ್ಟೋಸನ್ನು ಕೊಡುತ್ತದೆ. ಅದು ಇಂದಿಗೂ ಹೆಚ್ಚಾಗಿ ಬಾರ್ಲಿ, ಸೋಯಾ ಮೊದಲಾದ ಸಸ್ಯಗಳಿಂದಲೇ ಬರುವುದರಿಂದ ಇಲ್ಲಿ ಅದನ್ನು ಬದಿಗಿಡುತ್ತೇನೆ.

‘ಅಮೈಲೇಸ್ ಬೇಕು’ ಎಂದು ಕೇಳಿಕೊಂಡು ಬರುವ ಗಿರಾಕಿಗೆ ಇವುಗಳಲ್ಲಿ ಯಾವುದು ಬೇಕೆಂದು ವಿಚಾರಿಸದೆ ಮಾದರಿ ಕಳುಹಿಸುವುದು ಈ ವ್ಯವಹಾರದಲ್ಲಿ ನಾನು ಅತಿ ಹೆಚ್ಚು ಸಲ ಕಂಡ ತಪ್ಪು.

ಕೊಳ್ಳುವವರ ಪಾತ್ರೆಯಲ್ಲಿ ಏನಿದೆ

ಮೊದಲು ಗ್ಲೂಕೋಸ್ ಮತ್ತು ಎಥನಾಲ್ ಕಾರ್ಖಾನೆಗಳನ್ನು ನೋಡೋಣ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದಿಂದ ತೆಗೆದ ಪಿಷ್ಟವನ್ನು 30ರಿಂದ 35 ಶೇಕಡಾ ಘನಾಂಶದ ಹಾಲಿನಂತೆ ಕಲಸಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 6ಕ್ಕೆ ತಂದು, ಆಲ್ಫಾ ಅಮೈಲೇಸ್ ಸೇರಿಸಿ, ಹಬೆ ಹಾಯಿಸಿ ಬೇಯಿಸುವ ಜೆಟ್ ಕುಕ್ಕರಿನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಐದು ನಿಮಿಷ, ಬಳಿಕ 95 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡುತ್ತಾರೆ. ಈ ಬಿಸಿಯಲ್ಲಿ ಬದುಕುವುದು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅಥವಾ ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫೈಲಸ್ ಎಂಬಂಥ ಬ್ಯಾಕ್ಟೀರಿಯಗಳ ಆಲ್ಫಾ ಅಮೈಲೇಸ್ ಮಾತ್ರ. ಬೂಷ್ಟಿನ ಅಮೈಲೇಸ್ ಅಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ. ಅನಂತರ ದ್ರಾವಣವನ್ನು 60 ಡಿಗ್ರಿಗೆ ತಣಿಸಿ, ಪಿಎಚ್ 4.2ರಿಂದ 4.5ಕ್ಕೆ ಇಳಿಸಿ, ಗ್ಲೂಕೋಅಮೈಲೇಸ್ ಹಾಕಿ ಒಂದರಿಂದ ಮೂರು ದಿನ ಬಿಡುತ್ತಾರೆ. ಈ ಎರಡನೆಯ ಹಂತ ಪೂರ್ತಿಯಾಗಿ ಬೂಷ್ಟಿನ ರಾಜ್ಯ, ಮುಖ್ಯವಾಗಿ ಆಸ್ಪರ್ಜಿಲಸ್ ನೈಜರ್‌ನದು. ಪಿಷ್ಟ ಒಡೆಯುವಾಗ ನೀರು ಸೇರುವುದರಿಂದ ಒಂದು ಕಿಲೋ ಪಿಷ್ಟಕ್ಕೆ ಲೆಕ್ಕದ ಪ್ರಕಾರ 1.11 ಕಿಲೋ ಗ್ಲೂಕೋಸ್ ಬರಬೇಕು. ಕಾರ್ಖಾನೆಯವರು ಹೋರಾಡುವುದು ಈ ಲೆಕ್ಕದ ಕೊನೆಯ ಎರಡು ಮೂರು ಶೇಕಡಾಕ್ಕಾಗಿ; ಆದ್ದರಿಂದ ಅವರು ನಿಮ್ಮ ಕಿಣ್ವದ ಬೆಲೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಅದರ ಶುದ್ಧತೆಯನ್ನು ನೋಡುತ್ತಾರೆ.

ಬಟ್ಟೆಯ ಉದ್ಯಮದ ಅಗತ್ಯ ಬೇರೆ. ನೇಯುವ ಮುನ್ನ ಹಾಸು ನೂಲಿಗೆ ಹಾಕಿದ ಗಂಜಿಯನ್ನು ಬಣ್ಣ ಹಾಕುವ ಮೊದಲು ತೆಗೆಯಲೇಬೇಕು. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳಲ್ಲಿ ನಡೆಯುವ ಮೊದಲ ಕೆಲಸವೂ ಅದೇ. ಇಲ್ಲಿ ನೀರು ಸಾಮಾನ್ಯವಾಗಿ 60ರಿಂದ 80 ಡಿಗ್ರಿಯವರೆಗೆ ಇರುತ್ತದೆ, ಪಿಎಚ್ ತಟಸ್ಥದ ಆಸುಪಾಸಿನಲ್ಲಿರುತ್ತದೆ. ಬ್ಯಾಸಿಲಸ್ ಅಮೈಲೋಲಿಕ್ವಿಫೇಸಿಯೆನ್ಸ್‌ನ ಸಾಧಾರಣ ಆಲ್ಫಾ ಅಮೈಲೇಸ್ ಇದಕ್ಕೆ ಧಾರಾಳ ಸಾಕು. ತೀರಾ ಶುದ್ಧವಾಗಿರಬೇಕಾಗಿಯೂ ಇಲ್ಲ, ಏಕೆಂದರೆ ಜೊತೆಗೆ ಬರುವ, ಪ್ರೋಟೀನು ಒಡೆಯುವ ಪ್ರೋಟಿಯೇಸ್ ಹತ್ತಿಯ ನೂಲಿಗೆ ಏನೂ ಮಾಡುವುದಿಲ್ಲ. ಆದರೆ ಹತ್ತಿಯ ನಾರನ್ನೇ ಒಡೆಯುವ ಸೆಲ್ಯುಲೇಸ್ ಬೆರೆತಿರಬಾರದು. ಬೆರೆತರೆ ಬಟ್ಟೆಯೇ ಸವೆಯುತ್ತದೆ.

ಬೇಕರಿಯವರಿಗೆ ಬೇಕಾದದ್ದು ಇದಕ್ಕೆ ನೇರ ವಿರುದ್ಧ. ಹಿಟ್ಟು ಹುದುಗುವಾಗ ಸ್ವಲ್ಪ ಕೆಲಸ ಮಾಡಿ, ಒಲೆಯಲ್ಲಿ ಬ್ರೆಡ್ಡಿನ ಒಳಗಿನ ಬಿಸಿ ಏರುತ್ತಿದ್ದಂತೆ ಸಾಯುವ ಕಿಣ್ವ ಅವರಿಗೆ ಬೇಕು. ಆಸ್ಪರ್ಜಿಲಸ್ ಒರೈಜೆಯ ಆಲ್ಫಾ ಅಮೈಲೇಸ್ 50ರಿಂದ 55 ಡಿಗ್ರಿಯಲ್ಲಿ ಚೆನ್ನಾಗಿ ದುಡಿದು 60 ದಾಟುತ್ತಿದ್ದಂತೆ ಸೋಲುತ್ತದೆ. ಅದರ ಬದಲು ಬಿಸಿ ತಡೆಯುವ ಬ್ಯಾಕ್ಟೀರಿಯದ ಕಿಣ್ವ ಹಾಕಿದರೆ, ಬೆಂದ ಪಿಷ್ಟವನ್ನೂ ಅದು ಕತ್ತರಿಸುತ್ತಲೇ ಹೋಗಿ ಬ್ರೆಡ್ಡಿನ ಒಳಭಾಗ ಚಾಕುವಿಗೆ ಅಂಟಿಕೊಳ್ಳುತ್ತದೆ. ಬಿಸಿ ತಡೆಯುವುದು ದೊಡ್ಡ ಗುಣವೆಂದು ಮಾರಾಟದವರು ಎಲ್ಲೆಡೆ ಹೇಳಿಕೊಳ್ಳುತ್ತಾರೆ. ಬೇಕರಿಯಲ್ಲಿ ಅದೇ ದೋಷ.

ಬಟ್ಟೆ ತೊಳೆಯುವ ಪುಡಿಗಳಿಗೆ ಕ್ಷಾರದಲ್ಲಿ ನಿಲ್ಲುವ ಅಮೈಲೇಸ್ ಬೇಕು. ಆ ಮಾರುಕಟ್ಟೆಯನ್ನು ಮಾರ್ಪಡಿಸಿದ ತಳಿಗಳಿರುವ ದೊಡ್ಡ ಕಂಪನಿಗಳು ಹಿಡಿದಿವೆ. ಹೊಸಬರು ಅದರ ಬಗ್ಗೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ.

ಬ್ಯಾಕ್ಟೀರಿಯ ಮತ್ತು ಬೂಷ್ಟು: ಸ್ವಭಾವದ ವ್ಯತ್ಯಾಸ

ಬ್ಯಾಸಿಲಸ್ ಬೇಗ ಬೆಳೆಯುತ್ತದೆ. 37 ಡಿಗ್ರಿಯ ಆಸುಪಾಸಿನಲ್ಲಿ, ತಟಸ್ಥ ಪಿಎಚ್‌ನಲ್ಲಿ, ಎರಡು ಮೂರು ದಿನಗಳಲ್ಲಿ ಒಂದು ಬ್ಯಾಚ್ ಮುಗಿಯುತ್ತದೆ. ಆದರೆ ತಟಸ್ಥ ಪಿಎಚ್ ಎಂದರೆ ಊರಿನ ಎಲ್ಲ ಬ್ಯಾಕ್ಟೀರಿಯಗಳಿಗೂ ಅನ್ನದ ತಟ್ಟೆ ಇಟ್ಟಂತೆ. ಒಂದು ಕವಾಟದ ಸೀಲು ಸಡಿಲವಾದರೆ ಸಾಕು, ಟ್ಯಾಂಕ್ ಪೂರ್ತಿ ಕೆಡುತ್ತದೆ. ಬ್ಯಾಕ್ಟೀರಿಯವನ್ನೇ ತಿನ್ನುವ ವೈರಸ್‌ಗಳ ಕಾಟವೂ ಬ್ಯಾಸಿಲಸ್‌ಗೆ ಇದೆ. ಇನ್ನೊಂದು ತೊಡಕು ಎಂದರೆ, ಅಮೈಲೇಸ್ ಜೊತೆಯಲ್ಲೇ ಅದು ಪ್ರೋಟಿಯೇಸನ್ನೂ ಹೊರಹಾಕುತ್ತದೆ, ಆ ಪ್ರೋಟಿಯೇಸ್ ಕ್ರಮೇಣ ಅಮೈಲೇಸನ್ನೇ ತಿನ್ನುತ್ತದೆ. ಇನ್ನೂ ಆರು ಗಂಟೆ ಬಿಟ್ಟರೆ ಹೆಚ್ಚು ಸಿಗಬಹುದೆಂಬ ಆಸೆಯಿಂದ ಕಾದು, ಸಿಕ್ಕಿದ್ದರಲ್ಲೇ ಕಳೆದುಕೊಂಡ ಬ್ಯಾಚ್‌ಗಳು ನನ್ನ ದಾಖಲೆ ಪುಸ್ತಕದಲ್ಲಿ ಹಲವಿವೆ. ಸಂಜೆಯ ಮಾಪನವು ಬೆಳಗಿನದಕ್ಕಿಂತ ಏರದೆ ನಿಂತಿದ್ದರೆ ರಾತ್ರಿಯೇ ಇಳಿಸಿ ತಣಿಸಬೇಕು.

ಬೂಷ್ಟು ನಿಧಾನ. ಆಸ್ಪರ್ಜಿಲಸ್ ಒರೈಜೆಗೆ ಮೂರರಿಂದ ಐದು ದಿನ ಬೇಕು. ಆದರೆ ಅದು ಆಮ್ಲವನ್ನೂ, ನೀರು ಕಡಿಮೆಯಿರುವ ಸ್ಥಿತಿಯನ್ನೂ ಸಹಿಸುವುದರಿಂದ ಬ್ಯಾಕ್ಟೀರಿಯಗಳನ್ನು ದೂರವಿಡುವುದು ಸುಲಭ. ಅದರ ಮುಖ್ಯ ತೊಡಕು ಸುರಕ್ಷತೆಯದು: ಆಸ್ಪರ್ಜಿಲಸ್ ಒರೈಜೆಯ ಹತ್ತಿರದ ಸಂಬಂಧಿ ಆಸ್ಪರ್ಜಿಲಸ್ ಫ್ಲೇವಸ್, ಶೇಂಗಾದಲ್ಲಿ ಅಫ್ಲಟಾಕ್ಸಿನ್ ವಿಷ ಉಂಟುಮಾಡುವ ಬೂಷ್ಟು, ಕಣ್ಣಿಗೆ ಎರಡೂ ಹಸಿರು-ಹಳದಿಯಾಗಿಯೇ ಕಾಣುತ್ತವೆ. ಆಸ್ಪರ್ಜಿಲಸ್ ನೈಜರ್‌ನ ಕೆಲವು ತಳಿಗಳೂ ಓಕ್ರಟಾಕ್ಸಿನ್ ಉತ್ಪಾದಿಸಬಲ್ಲವು. ಹೀಗಾಗಿ ತೋಟದ ಮಣ್ಣಿನಿಂದ ತೆಗೆದ, ಗುರುತು ಖಚಿತವಾಗದ ಬೂಷ್ಟನ್ನು ಆಹಾರದ ಕಿಣ್ವಕ್ಕೆ ಬಳಸುವ ಯೋಚನೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ವಿದ್ಯಾರ್ಥಿಗಳ ಪ್ರಬಂಧಕ್ಕೆ ಅದು ಸರಿ. ಜನರು ತಿನ್ನುವ ಬ್ರೆಡ್ಡಿಗೆ ಸರಿಯಲ್ಲ.

ನೈಜರ್‌ನ ಗ್ಲೂಕೋಅಮೈಲೇಸ್ ಆಯ್ದುಕೊಳ್ಳುವವರು ಟ್ರಾನ್ಸ್‌ಗ್ಲೂಕೋಸಿಡೇಸ್ ಎಂಬ ಜೊತೆಗಾರ ಕಿಣ್ವದ ಬಗ್ಗೆ ಎಚ್ಚರದಿಂದಿರಬೇಕು. ಅದು ಬಿಡಿಸಿದ ಗ್ಲೂಕೋಸನ್ನು ಮತ್ತೆ ಬೇರೆ ಗಂಟಿನಿಂದ ಜೋಡಿಸಿ ಐಸೋಮಾಲ್ಟೋಸ್ ಮಾಡುತ್ತದೆ. ಗ್ಲೂಕೋಸ್ ಕಾರ್ಖಾನೆಯವರು ಲೆಕ್ಕ ಹಾಕುವ ಆ ಕೊನೆಯ ಎರಡು ಶೇಕಡಾ ಸೋರಿಹೋಗುವ ದಾರಿಗಳಲ್ಲಿ ಇದೂ ಒಂದು. ತಳಿ ಆರಿಸುವಾಗ ಗ್ಲೂಕೋಅಮೈಲೇಸ್ ಎಷ್ಟು ಕೊಡುತ್ತದೆ ಎಂಬುದರ ಜೊತೆಗೆ ಇದನ್ನು ಎಷ್ಟು ಕಡಿಮೆ ಕೊಡುತ್ತದೆ ಎಂಬುದನ್ನೂ ಅಳೆಯಿಸಬೇಕು.

ಟ್ರೇಯೋ ಟ್ಯಾಂಕೋ, ಬೆಂಗಳೂರಿನ ಹವೆಯಲ್ಲಿ

ಟ್ರೇ ವಿಧಾನದಲ್ಲಿ ಗೋಧಿ ಬೂಸಾವನ್ನು 55ರಿಂದ 60 ಶೇಕಡಾ ತೇವಾಂಶ ಬರುವಂತೆ ನೆನೆಸಿ, ಹಬೆಯಲ್ಲಿ ಶುದ್ಧಗೊಳಿಸಿ, ಬೂಷ್ಟಿನ ಬೀಜಕಗಳನ್ನು ಬೆರೆಸಿ, ಎರಡರಿಂದ ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರಡುತ್ತಾರೆ. ಟ್ಯಾಂಕ್ ವಿಧಾನದಲ್ಲಿ ಪಿಷ್ಟ, ಸೋಯಾ ಹಿಂಡಿ, ಮೆಕ್ಕೆಜೋಳ ನೆನೆಸಿದ ನೀರಿನ ಸಾರ, ಲವಣಗಳನ್ನು ನೀರಿನಲ್ಲಿ ಕದಡಿ, ಕಲಕುತ್ತ, ಪ್ರತಿ ನಿಮಿಷ ದ್ರವದ ಗಾತ್ರದ ಅರ್ಧದಿಂದ ಒಂದು ಪಾಲು ಶುದ್ಧ ಗಾಳಿಯನ್ನು ಊದುತ್ತ ಬೆಳೆಸುತ್ತಾರೆ.

ಬ್ಯಾಕ್ಟೀರಿಯಕ್ಕೆ ಟ್ಯಾಂಕೇ ಸರಿ. ಅದರಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ಬ್ಯಾಸಿಲಸ್ಸನ್ನು ಬೂಸಾದ ಮೇಲೆಯೂ ಬೆಳೆಸಬಹುದು, ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ಅಂಕಿಗಳು ಚೆನ್ನಾಗಿಯೂ ಬರುತ್ತವೆ. ಆದರೆ ನೂರು ಟ್ರೇಗಳಲ್ಲಿ ಅದೇ ಸಾಧನೆಯನ್ನು ವಾರ ವಾರವೂ ಉಳಿಸಿಕೊಂಡ ಘಟಕವನ್ನು ನಾನು ಕಂಡಿಲ್ಲ. ನಿಜವಾದ ಆಯ್ಕೆ ಇರುವುದು ಬೂಷ್ಟಿನ ವಿಷಯದಲ್ಲಿ.

ಟ್ರೇಗಳ ಪರವಾಗಿ ಹೇಳಬೇಕಾದ ಮಾತುಗಳಲ್ಲಿ ಮೊದಲನೆಯದು ಬೂಷ್ಟಿನ ಸ್ವಭಾವವೇ. ಕೊಳೆಯುವ ಕಾಳಿನ ಮೇಲೆ, ಒದ್ದೆ ಹುಲ್ಲಿನ ಮೇಲೆ ಬೆಳೆದು ಬಂದ ಜೀವಿಗೆ ಒದ್ದೆ ಬೂಸಾ ತವರುಮನೆ. ಟ್ಯಾಂಕಿನಲ್ಲಿ ಗ್ಲೂಕೋಸ್ ಶೇಖರವಾದರೆ ಬೂಷ್ಟು ಅಮೈಲೇಸ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಹೊಟ್ಟೆ ತುಂಬಿದವರು ಅಡುಗೆಗೆ ಏಳದಂತೆ. ಬೂಸಾದಲ್ಲಿ ಸಕ್ಕರೆ ನಿಧಾನವಾಗಿ ಬಿಡುಗಡೆಯಾಗಿ ಅಷ್ಟಕ್ಕಷ್ಟೇ ಖರ್ಚಾಗುವುದರಿಂದ ಆ ಅಡ್ಡಿ ಕಡಿಮೆ. ಎರಡನೆಯದು, ಸಿಗುವ ಸಾರ ಗಟ್ಟಿಯಾಗಿರುತ್ತದೆ. ಕಡಿಮೆ ನೀರಿನಿಂದ ಕಿಣ್ವವನ್ನು ಸೆಳೆದುಕೊಳ್ಳಬಹುದು. ನೀರಿಗೆ ಟ್ಯಾಂಕರ್ ಕರೆಸುವ ಬಡಾವಣೆಯಲ್ಲಿ ಘಟಕವಿದ್ದರೆ ಇದು ಸಣ್ಣ ಮಾತಲ್ಲ. ಘನ ಮಾಧ್ಯಮದ ಹುದುಗುವಿಕೆಯಲ್ಲಿ, ಅಂದರೆ ಬೂಸಾದಂಥ ಒದ್ದೆ ಪದಾರ್ಥದ ಮೇಲೆ ಬೆಳೆಸುವುದರಲ್ಲಿ, ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ದಶಕಗಳ ಕೆಲಸ ಮಾಡಿದೆ; ರೈಲಿನಲ್ಲಿ ಒಂದು ಬೆಳಗಿನ ದಾರಿಯಲ್ಲಿ ಅಂಥ ಸಂಸ್ಥೆ ಇರುವುದು ಬೆಂಗಳೂರಿನವರಿಗೆ ದೊಡ್ಡ ಅನುಕೂಲ. 1978ರಲ್ಲಿ ಪಪ್ಪಾಯಿಯ ಪಪೈನ್ ಕಿಣ್ವದಿಂದ ಇಲ್ಲಿ ಕೆಲಸ ಆರಂಭಿಸಿದ ಬಯೋಕಾನ್ ಸಹ ಘನ ಮಾಧ್ಯಮದ ಹುದುಗುವಿಕೆಗಾಗಿ ತನ್ನದೇ ಯಂತ್ರವನ್ನು ರೂಪಿಸಿ ಪೇಟೆಂಟ್ ಪಡೆದಿತ್ತು. 2007ರಲ್ಲಿ ಅದರ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಕೊಂಡುಕೊಂಡಿತು. ಹೀಗೆ ಈ ವಿದ್ಯೆ ಬಲ್ಲ ಕೈಗಳು ಊರಿನಲ್ಲಿ ಇವೆ.

ಟ್ರೇಗಳ ದೊಡ್ಡ ಶತ್ರು ಬಿಸಿ. ಬೂಷ್ಟು ಉಸಿರಾಡುತ್ತ ಬೆಳೆಯುವಾಗ ಶಾಖ ಹುಟ್ಟುತ್ತದೆ, ಬೂಸಾ ಆ ಶಾಖವನ್ನು ಹೊರಬಿಡುವುದಿಲ್ಲ. ಬಿತ್ತಿದ ಮೊದಲ ಹತ್ತು ಹನ್ನೆರಡು ಗಂಟೆ ಏನೂ ನಡೆಯುತ್ತಿಲ್ಲವೆಂದು ಕಾಣುತ್ತದೆ. ಆಮೇಲೆ ಒಂದೇ ಸಮನೆ ಏರುತ್ತದೆ. ನಾನು ಕೆಲಸ ಕಲಿತ ಘಟಕದಲ್ಲಿ ಒಂದು ಏಪ್ರಿಲ್ ತಿಂಗಳಲ್ಲಿ ಜಾಗ ಉಳಿಸಲೆಂದು ಬೂಸಾವನ್ನು ಆರು ಸೆಂಟಿಮೀಟರ್ ದಪ್ಪಕ್ಕೆ ಹರಡಿದ್ದೆವು. ಕೋಣೆಯ ಉಷ್ಣಮಾಪಕ 30 ಡಿಗ್ರಿ ತೋರಿಸುತ್ತಿತ್ತು. ಬೂಸಾದ ನಡುವೆ ಚುಚ್ಚಿದ ಮಾಪಕ 46. ಮೇಲ್ಭಾಗ ಬಿಳಿಯಾಗಿ ಸೊಂಪಾಗಿ ಕಾಣುತ್ತಿದ್ದರೂ ನಡುವಿನ ಪದರ ಕಂದಾಗಿ ಅಮೋನಿಯದ ವಾಸನೆ ಹೊಡೆಯುತ್ತಿತ್ತು. ಹಬೆಯಲ್ಲಿ ಸಾಯದೆ ಉಳಿದಿದ್ದ ಬ್ಯಾಸಿಲಸ್ ಬೀಜಕಗಳು ಆ ಬಿಸಿಯಲ್ಲಿ ಮೇಲುಗೈ ಸಾಧಿಸಿದ್ದವು. ಅಂದಿನಿಂದ ನಾನು ಕೋಣೆಯ ಉಷ್ಣತೆಯನ್ನು ನಂಬುವುದಿಲ್ಲ, ಬೂಸಾದ ನಡುವಿನದನ್ನೇ ಬರೆಯಿಸುತ್ತೇನೆ.

ಬೆಂಗಳೂರಿನ ಹವೆ ಟ್ರೇಗೆ ಹೇಳಿಮಾಡಿಸಿದ್ದು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅದು ಅರ್ಧ ನಿಜ. ಚೆನ್ನೈಗೆ ಹೋಲಿಸಿದರೆ ತಂಪು ಮಾಡುವ ಖರ್ಚು ಕಡಿಮೆ, ಖಂಡಿತ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಗಾಳಿ ಟ್ರೇಯ ತೇವವನ್ನು ಹೀರಿಬಿಡುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15–16 ಡಿಗ್ರಿಗೆ ಇಳಿದಾಗ ಬೀಜಕಗಳು ಮೊಳೆಯಲು ಕೋಣೆಯನ್ನು ಬೆಚ್ಚಗಿಡಬೇಕು. ಮಳೆಗಾಲದಲ್ಲಿ ಗಾಳಿಯ ತುಂಬ ಕಾಡು ಬೂಷ್ಟಿನ ಬೀಜಕಗಳಿರುತ್ತವೆ. ತೇವ, ಉಷ್ಣತೆ ಎರಡನ್ನೂ ಹಿಡಿದಿಡುವ, ಸೋಸಿದ ಗಾಳಿ ಬರುವ ಕೋಣೆಯನ್ನು ಕಟ್ಟಲು ಸಾಧ್ಯವಿಲ್ಲದವರು ಟ್ರೇ ಅಗ್ಗವೆಂಬ ಲೆಕ್ಕವನ್ನು ಮತ್ತೊಮ್ಮೆ ಹಾಕಿನೋಡಬೇಕು. ಕೈಕೆಲಸವೂ ಹೆಚ್ಚು. ಹರಡುವುದು, ಕದಡುವುದು, ತೆಗೆಯುವುದು, ತೊಳೆಯುವುದು ಎಲ್ಲವೂ ಜನರಿಂದಲೇ ಆಗಬೇಕು.

ಟ್ಯಾಂಕಿನ ಬಲ ಅದರ ಹಿಡಿತದಲ್ಲಿದೆ. ಉಷ್ಣತೆ, ಪಿಎಚ್, ಆಮ್ಲಜನಕ ಮೂರನ್ನೂ ಗಂಟೆಗಂಟೆಗೆ ನೋಡಿ ತಿದ್ದಬಹುದು. ಸಾವಿರ ಲೀಟರಿನಿಂದ ಹತ್ತು ಸಾವಿರ ಲೀಟರಿಗೆ ಹೋಗುವ ದಾರಿ ಪುಸ್ತಕಗಳಲ್ಲಿ ಬರೆದಿಟ್ಟದ್ದು, ಟ್ರೇಯಂತೆ ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ಕಂಡುಕೊಳ್ಳಬೇಕಾದದ್ದಲ್ಲ. ಅದರ ಬಲಹೀನತೆ ವಿದ್ಯುತ್ತು. ಕಲಕುವುದೂ ಗಾಳಿ ಊದುವುದೂ ಕೆಲವೇ ನಿಮಿಷ ನಿಂತರೂ ದಟ್ಟವಾಗಿ ಬೆಳೆದ ಬ್ಯಾಸಿಲಸ್ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಆದ್ದರಿಂದ ಜನರೇಟರ್ ಇಲ್ಲಿ ಅನುಕೂಲದ ವಸ್ತುವಲ್ಲ, ಫರ್ಮೆಂಟರಿನ, ಅಂದರೆ ಹುದುಗಿಸುವ ಟ್ಯಾಂಕಿನ, ಒಂದು ಭಾಗ.

ಸಮುದ್ರಮಟ್ಟದ ಊರುಗಳಲ್ಲಿ ಬರೆದ ಕೈಪಿಡಿಗಳು ಹೇಳದ ಎರಡು ವಿಷಯಗಳನ್ನು ಇಲ್ಲಿ ಸೇರಿಸಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು. ಹೀಗಾಗಿ ಒತ್ತಡದ ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವಿನ ಮಾಪಕ 15 ಪೌಂಡ್ ತೋರಿಸಿದಾಗ ಒಳಗಿನ ಬಿಸಿ 121 ಡಿಗ್ರಿ ಆಗಿರುವುದಿಲ್ಲ, 119ರ ಆಸುಪಾಸಿನಲ್ಲಿರುತ್ತದೆ. ಬ್ಯಾಸಿಲಸ್ ಬೀಜಕಗಳಿಂದ ತುಂಬಿದ ಬೂಸಾಕ್ಕೆ ಆ ಎರಡು ಡಿಗ್ರಿ ಬಹಳ ಮುಖ್ಯ. ಒತ್ತಡವನ್ನಲ್ಲ, ಉಷ್ಣತೆಯನ್ನೇ ಅಳೆದು ನಡೆಸಬೇಕು, ಇಲ್ಲವೇ ಸಮಯವನ್ನು ಹೆಚ್ಚಿಸಬೇಕು. ಎರಡನೆಯದಾಗಿ, ಅದೇ ಗಾತ್ರದ ಗಾಳಿಯಲ್ಲಿ ಆಮ್ಲಜನಕ ಸುಮಾರು ಹತ್ತು ಶೇಕಡಾ ಕಡಿಮೆ ಇರುವುದರಿಂದ ಕಂಪ್ರೆಸರನ್ನು ಅಷ್ಟು ದೊಡ್ಡದಾಗಿಯೇ ಕೊಳ್ಳಬೇಕು.

ತಿನಿಸು ಮತ್ತು ನೀರು

ಬೂಷ್ಟಿಗೆ ಗೋಧಿ ಬೂಸಾವನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಪಿಷ್ಟ, ಪ್ರೋಟೀನು, ಖನಿಜ ಎಲ್ಲವೂ ಅದರಲ್ಲಿವೆ, ಚೂರುಗಳ ನಡುವೆ ಗಾಳಿಯೂ ಆಡುತ್ತದೆ. ಹೈನುಗಾರರೂ ಅದನ್ನೇ ಕೇಳುವುದರಿಂದ ಬೆಲೆ ಏರಿಳಿಯುತ್ತದೆ ಎಂಬುದೊಂದೇ ಕೊರತೆ. ಅಕ್ಕಿ ತೌಡು ಅಗ್ಗವಾಗಿ ಕಂಡರೂ ಅದರಲ್ಲಿರುವ ಎಣ್ಣೆ ಬೇಗ ಕಮಟುತ್ತದೆ. ಒದ್ದೆಯಾದಾಗ ಮುದ್ದೆಗಟ್ಟಿ ಗಾಳಿ ಆಡುವುದಿಲ್ಲ. ಎಣ್ಣೆ ತೆಗೆದ ತೌಡನ್ನು ಬೂಸಾದ ಜೊತೆ ಬೆರೆಸಬಹುದು. ಸೇಲಂ ಕಡೆಯ ಸಬ್ಬಕ್ಕಿ ಕಾರ್ಖಾನೆಗಳ ಮರಗೆಣಸಿನ ನಾರಿನಲ್ಲಿ ಪಿಷ್ಟವಿದ್ದರೂ ಪ್ರೋಟೀನು ತೀರಾ ಕಡಿಮೆ. ಕಡಲೆಕಾಯಿ ಹಿಂಡಿಯನ್ನೋ ಸೋಯಾ ಹಿಂಡಿಯನ್ನೋ ಸೇರಿಸದೆ ಅದು ನಡೆಯುವುದಿಲ್ಲ. ಕಡಲೆಕಾಯಿ ಹಿಂಡಿ ಸೇರಿಸುವವರು ಅಫ್ಲಟಾಕ್ಸಿನ್ ಪರೀಕ್ಷೆ ಮಾಡಿಸದೆ ಚೀಲ ಬಿಚ್ಚಬಾರದು.

ನೀರಿನ ವಿಷಯದಲ್ಲಿ ಕೊಳವೆಬಾವಿಯ ಗಡಸು ನೀರನ್ನು ಎಲ್ಲರೂ ದೂರುತ್ತಾರೆ. ಆಲ್ಫಾ ಅಮೈಲೇಸ್‌ನ ಮಟ್ಟಿಗೆ ಕ್ಯಾಲ್ಸಿಯಂ ಶತ್ರುವಲ್ಲ. ಆ ಕಿಣ್ವದ ರಚನೆಯನ್ನು ಬಿಸಿಯಲ್ಲಿ ಹಿಡಿದು ನಿಲ್ಲಿಸುವುದೇ ಕ್ಯಾಲ್ಸಿಯಂ. ಆದರೆ ಸೂಕ್ಷ್ಮಜೀವಿಯನ್ನು ಬೆಳೆಸುವ ಮಾಧ್ಯಮದಲ್ಲಿ ಫಾಸ್ಫೇಟ್ ಹೆಚ್ಚಿದ್ದರೆ ಎರಡೂ ಸೇರಿ ಗಷ್ಟಾಗಿ ಕೆಳಗೆ ಕೂರುತ್ತವೆ. ಬಾಯ್ಲರಿಗೂ ಸೋಸುವ ಪೊರೆಗಳಿಗೂ ಮೆದು ನೀರನ್ನೇ ಬಳಸಿ, ಮಾಧ್ಯಮಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಲವಣವನ್ನು ಅಳೆದು ಹಾಕುವುದು ಸರಿಯಾದ ದಾರಿ. ತಿಂಗಳಿಂದ ತಿಂಗಳಿಗೆ ಬದಲಾಗುವ ಬಾವಿಯ ನೀರಿನ ಗಡಸನ್ನು ನೆಚ್ಚಿಕೊಳ್ಳುವುದಲ್ಲ.

ಯೂನಿಟ್ ಎಂಬ ಮಾತಿನ ಮೋಸ

ಎರಡು ಕಿಣ್ವಗಳನ್ನು ಹೋಲಿಸುವಾಗ ಚೀಟಿಯ ಮೇಲಿನ ಯೂನಿಟ್ ಸಂಖ್ಯೆಯನ್ನು ಹೋಲಿಸುವುದು ಮಾರು ಬಟ್ಟೆಯನ್ನು ಮೊಳದೊಂದಿಗೆ ಹೋಲಿಸಿದಂತೆ. ಒಂದು ಕಂಪನಿ ಅಯೋಡಿನ್ನಿನ ನೀಲಿ ಬಣ್ಣ ಎಷ್ಟು ಬೇಗ ಮಾಯವಾಗುತ್ತದೆ ಎಂಬುದನ್ನು ಅಳೆದಿರುತ್ತದೆ, ಇನ್ನೊಂದು 1959ರಲ್ಲಿ ಮಿಲ್ಲರ್ ಪ್ರಕಟಿಸಿದ ಡಿಎನ್ಎಸ್ ವಿಧಾನದಿಂದ ಎಷ್ಟು ಸಕ್ಕರೆಯ ತುದಿಗಳು ಬಿಡುಗಡೆಯಾದವು ಎಂಬುದನ್ನು ಅಳೆದಿರುತ್ತದೆ. ಒಂದು 40 ಡಿಗ್ರಿಯಲ್ಲಿ, ಇನ್ನೊಂದು 60ರಲ್ಲಿ. ಡಿಎನ್ಎಸ್ ಪರೀಕ್ಷೆಗೆ ಸಾರದಲ್ಲಿ ಮೊದಲೇ ಇದ್ದ ಸಕ್ಕರೆಯೂ ಕಾಣುವುದರಿಂದ, ಅದನ್ನು ಕಳೆಯದೆ ಬರೆದ ಅಂಕಿ ಉಬ್ಬಿರುತ್ತದೆ. ನಮ್ಮ ಕಾಲೇಜುಗಳ ಪ್ರಬಂಧಗಳಲ್ಲಿ ಈ ತಪ್ಪು ಎಷ್ಟು ಹರಡಿದೆಯೆಂದರೆ, ತಳಿಯ ಬಗ್ಗೆ ಅಲ್ಲಿ ಓದಿದ ಸಂಖ್ಯೆಯನ್ನು ನಂಬಿ ಬಂಡವಾಳ ಹೂಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಗಿರಾಕಿಯ ಪಿಷ್ಟವನ್ನೇ ತರಿಸಿ, ಗಿರಾಕಿಯ ಉಷ್ಣತೆ ಮತ್ತು ಪಿಎಚ್‌ನಲ್ಲಿ, ನಿಮ್ಮ ಕಿಣ್ವವನ್ನೂ ಅವರು ಈಗ ಬಳಸುತ್ತಿರುವುದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಟನ್ ಪಿಷ್ಟಕ್ಕೆ ಎಷ್ಟು ರೂಪಾಯಿಯ ಕಿಣ್ವ ಬೇಕಾಯಿತು ಎಂಬುದೊಂದೇ ಹೋಲಿಸಬಹುದಾದ ಸಂಖ್ಯೆ.

ದ್ರವವೋ ಪುಡಿಯೋ

ದ್ರವವಾಗಿ ಮಾರುವುದು ಸುಲಭ. ಸೋಸಿದ ಸಾರವನ್ನು ಅಲ್ಟ್ರಾಫಿಲ್ಟ್ರೇಶನ್ ಪೊರೆಯಿಂದ ಗಟ್ಟಿ ಮಾಡಿ, ಉಪ್ಪು, ಗ್ಲಿಸರಾಲ್ ಅಥವಾ ಸಾರ್ಬಿಟಾಲ್ ಸೇರಿಸಿ ಡಬ್ಬಿಗೆ ತುಂಬಿದರೆ ಆಯಿತು. ಬಟ್ಟೆಯವರಿಗೂ ಡಿಸ್ಟಿಲರಿಗಳಿಗೂ ಅದೇ ಬೇಕು. ಬೇಕರಿಯವರು ಪುಡಿ ಕೇಳುತ್ತಾರೆ, ಏಕೆಂದರೆ ಮೈದಾಕ್ಕೆ ಬೆರೆಸಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಸಾಲದು: ಆಸ್ಪರ್ಜಿಲಸ್‌ನ ಅಮೈಲೇಸ್ ಪುಡಿ ಉಸಿರಿನಲ್ಲಿ ಸೇರಿದರೆ ಅಲರ್ಜಿಯೂ ಅಸ್ತಮಾವೂ ಬರುತ್ತವೆ, ಬೇಕರಿ ಕೆಲಸಗಾರರ ಅಸ್ತಮಾಕ್ಕೆ ಗುರುತಿಸಲಾದ ಕಾರಣಗಳಲ್ಲಿ ಇದೂ ಒಂದು. ಒಮ್ಮೆ ಅಲರ್ಜಿ ಅಂಟಿದ ಕೆಲಸಗಾರರು ಆಮೇಲೆ ಅತಿ ಸಣ್ಣ ಪ್ರಮಾಣದ ದೂಳಿಗೂ ಕೆಮ್ಮುತ್ತಾರೆ. ಒಣಗಿಸುವ ಮತ್ತು ತುಂಬುವ ಕೋಣೆಗೆ ದೂಳು ಹೀರುವ ವ್ಯವಸ್ಥೆ, ಪುಡಿಯನ್ನು ಹರಳುಗಟ್ಟಿಸುವ ಯಂತ್ರ, ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕು, ಇವುಗಳಿಗೆ ಹಣವಿಲ್ಲವಾದರೆ ಪುಡಿಯ ವ್ಯಾಪಾರಕ್ಕೆ ಇಳಿಯಬಾರದು. ಟ್ರೇ ಕೋಣೆಯಲ್ಲಿ ಹಣ್ಣಾದ ಬೂಷ್ಟಿನ ಬೀಜಕಗಳ ವಿಷಯದಲ್ಲೂ ಇದೇ ಮಾತು; ಬೀಜಕಗಳು ಬಲಿಯುವ ಮೊದಲೇ ಬೂಸಾವನ್ನು ನೀರಿಗೆ ಹಾಕುವುದು ಕಿಣ್ವಕ್ಕೂ ಒಳ್ಳೆಯದು, ಜನರ ಎದೆಗೂ ಒಳ್ಳೆಯದು.

ಅನುಮತಿಗಳ ಲೆಕ್ಕ

ಆಹಾರಕ್ಕೆ ಹೋಗುವ ಕಿಣ್ವವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಪಟ್ಟಿಯಲ್ಲಿ ಕಿಣ್ವದ ಹೆಸರಿನ ಜೊತೆಗೆ ಅದನ್ನು ಕೊಡುವ ಜೀವಿಯ ಹೆಸರೂ ಇದೆಯೇ ಎಂದು ನೋಡಬೇಕು. ವಂಶವಾಹಿ ಮಾರ್ಪಡಿಸಿದ ತಳಿ ಬಳಸುವವರು 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಬಂದ 1989ರ ನಿಯಮಗಳ ಪ್ರಕಾರ ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿಯಿಂದ ಆರಂಭಿಸಿ ದೆಹಲಿಯವರೆಗೆ ಹೋಗಬೇಕಾಗುತ್ತದೆ. ಇಳುವರಿ ಹೆಚ್ಚೆಂಬ ಕಾರಣಕ್ಕೆ ಅಂಥ ತಳಿಯನ್ನು ಬಯಸುವ ಸಣ್ಣ ಘಟಕಗಳು ಆ ಓಡಾಟದ ತಿಂಗಳುಗಳನ್ನೂ ಲೆಕ್ಕಕ್ಕೆ ಸೇರಿಸಲಿ. ತ್ಯಾಜ್ಯ ನೀರಿನ ವಿಷಯದಲ್ಲಿ ಟ್ಯಾಂಕ್ ಘಟಕ ಹೆಚ್ಚು ಹೊರೆ ಹೊರುತ್ತದೆ: ಕೆರೆ, ಹಳ್ಳಗಳಿಗೆ ಬಿಡುವ ನೀರಿನ ಬಿಒಡಿ (ಅದರಲ್ಲಿನ ಜೈವಿಕ ಕೊಳೆಯನ್ನು ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು, ಜಮೀನಿಗೆ ಹಾಯಿಸುವುದಾದರೆ 100, ಬಳಸಿಬಿಟ್ಟ ಮಾಧ್ಯಮದಲ್ಲಿ ಅದು ಸಾವಿರಗಳಲ್ಲಿ ಇರುತ್ತದೆ. ಟ್ರೇ ಘಟಕದಲ್ಲಿ ನೀರು ಕಡಿಮೆ, ಆದರೆ ಸಾರ ತೆಗೆದ ಒದ್ದೆ ಬೂಸಾ ಉಳಿಯುತ್ತದೆ. ಅದನ್ನು ಹಬೆಯಲ್ಲಿ ಬೇಯಿಸಿ ಬೂಷ್ಟನ್ನು ಕೊಲ್ಲದೆ ಗೊಬ್ಬರಕ್ಕಾಗಲಿ ದನಗಳಿಗಾಗಲಿ ಕೊಡುವಂತಿಲ್ಲ.

ಹಾಗಾದರೆ ಯಾರಿಗೆ ಯಾವುದು

ಬಿಸಿ ತಡೆಯುವ ಆಲ್ಫಾ ಅಮೈಲೇಸ್ ತಯಾರಿಸಿ ಗ್ಲೂಕೋಸ್ ಕಾರ್ಖಾನೆಗಳಿಗೆ ಮಾರುವ ಯೋಜನೆಯನ್ನು ಹೊಸ ಸಣ್ಣ ಘಟಕಕ್ಕೆ ನಾನು ಸೂಚಿಸುವುದಿಲ್ಲ. ಲಕ್ಷ ಲೀಟರ್ ಟ್ಯಾಂಕುಗಳಲ್ಲಿ, ಮಾರ್ಪಡಿಸಿದ ತಳಿಗಳಿಂದ, ಕಡಿಮೆ ಪಿಎಚ್‌ನಲ್ಲಿ ಕ್ಯಾಲ್ಸಿಯಂ ಇಲ್ಲದೆಯೂ ನಿಲ್ಲುವ ಕಿಣ್ವಗಳನ್ನು ಕೊಡುವವರ ಜೊತೆ ಬೆಲೆಯಲ್ಲಿ ನಿಲ್ಲಲಾಗದು. ಬಟ್ಟೆಯ ಗಂಜಿ ತೆಗೆಯುವ ಅಮೈಲೇಸ್‌ಗೆ ಒಂದೆರಡು ಸಾವಿರ ಲೀಟರಿನ ಟ್ಯಾಂಕು, ಸಾಧಾರಣ ಬ್ಯಾಸಿಲಸ್ ತಳಿ, ದ್ರವರೂಪ ಸಾಕು. ಗಿರಾಕಿ ದೊಡ್ಡಬಳ್ಳಾಪುರ, ಬಳ್ಳಾರಿಗಳಲ್ಲಿ ಇದ್ದಾರೆ, ಅವರಿಗೆ ಬೇಕಾದದ್ದು ಸಮಯಕ್ಕೆ ಬರುವ ಡಬ್ಬಿ ಮತ್ತು ತೊಟ್ಟಿಯ ಪಕ್ಕದಲ್ಲಿ ನಿಂತು ಪ್ರಮಾಣ ಹೊಂದಿಸಿಕೊಡುವ ಮನುಷ್ಯ. ಎಚ್ಚರಿಕೆಯಿಂದ ಕೋಣೆ ಕಟ್ಟಬಲ್ಲವರಿಗೆ, ಬೂಸಾದ ಮೇಲೆ ಕೈಯಾಡಿಸಿ ಹದ ತಿಳಿಯುವ ಕೆಲಸಗಾರರನ್ನು ಉಳಿಸಿಕೊಳ್ಳಬಲ್ಲವರಿಗೆ, ಟ್ರೇಯಲ್ಲಿ ಬೆಳೆಸಿದ ಬೂಷ್ಟಿನ ಅಮೈಲೇಸ್ ಮತ್ತು ಗ್ಲೂಕೋಅಮೈಲೇಸ್ ನನ್ನ ಮೊದಲ ಸಲಹೆ. ಗಿರಾಕಿ ಇನ್ನೂ ಗೊತ್ತಾಗದವರು ಒಂದು ವರ್ಷ ಬೇರೆಯವರ ಕಿಣ್ವವನ್ನು ಸಗಟಾಗಿ ಕೊಂಡು, ಬೆರೆಸಿ, ಹದಗೊಳಿಸಿ ಮಾರಲಿ. ಯಾವ ಪಾತ್ರೆಯಲ್ಲಿ ಏನು ನಡೆಯುತ್ತದೆ ಎಂಬುದು ಆ ವರ್ಷದಲ್ಲಿ ತಿಳಿಯುತ್ತದೆ, ಫರ್ಮೆಂಟರಿನ ಸಾಲವಿಲ್ಲದೆ.

ಈಗ ತಳಿಯ ಮಾತಿಗೆ ಬರಬಹುದು. ಚಂಡೀಗಢದ ಎಂಟಿಸಿಸಿ ಮತ್ತು ಪುಣೆಯ ಎನ್‌ಸಿಐಎಂ ಎಂಬ ಎರಡು ಸರ್ಕಾರಿ ಸಂಗ್ರಹಗಳಿಂದ ಗುರುತು ಖಚಿತವಾದ ಬ್ಯಾಸಿಲಸ್ ಮತ್ತು ಆಸ್ಪರ್ಜಿಲಸ್ ತಳಿಗಳನ್ನು ತರಿಸಿಕೊಳ್ಳಬಹುದು. ವಾಣಿಜ್ಯ ಬಳಕೆಯ ಷರತ್ತುಗಳನ್ನು ತರಿಸುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಬಂದ ಕೂಡಲೇ ಅದನ್ನು ತಟ್ಟೆಯಲ್ಲಿ ಬೆಳೆಸಿ, ಹತ್ತಾರು ಬಿಡಿ ಕಾಲೊನಿಗಳನ್ನು (ಬೇರೆ ಬೇರೆಯಾಗಿ ಬೆಳೆದ ಗುಂಪುಗಳನ್ನು) ಎತ್ತಿ, ಪಿಷ್ಟದ ತಟ್ಟೆಯಲ್ಲಿ ಬೆಳೆಸಿ, ಅಯೋಡಿನ್ ಸುರಿದಾಗ ಸುತ್ತ ತಿಳಿಯಾದ ವರ್ತುಲ ದೊಡ್ಡದಾಗಿ ಕಾಣುವ ನಾಲ್ಕೈದನ್ನು ಆರಿಸಿ, ಅವುಗಳನ್ನು ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಅಥವಾ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿ ಗಾಜಿನ ನಳಿಕೆಗಳಲ್ಲಿ ಇಡಬೇಕು. ಪ್ರತಿ ಬ್ಯಾಚಿಗೂ ಹೊಸ ನಳಿಕೆಯನ್ನೇ ಒಡೆಯಬೇಕು. ಹಳೆಯ ತಟ್ಟೆಯಿಂದ ಹೊಸ ತಟ್ಟೆಗೆ ವಾರ ವಾರವೂ ಒರೆಸುತ್ತ ಹೋದ ತಳಿ ಆರು ತಿಂಗಳಲ್ಲಿ ಸದ್ದಿಲ್ಲದೆ ಸೋಮಾರಿಯಾಗುತ್ತದೆ, ದೋಷವನ್ನು ಬೂಸಾದಲ್ಲೂ ನೀರಿನಲ್ಲೂ ಹುಡುಕುತ್ತ ಕಾಲ ಕಳೆಯುತ್ತದೆ. ನಳಿಕೆಗಳ ಅರ್ಧವನ್ನು ಬೇರೊಂದು ಕಟ್ಟಡದ, ಬೇರೊಂದು ಜನರೇಟರಿಗೆ ಸೇರಿಸಿದ ಫ್ರೀಜರಿನಲ್ಲಿ ಇಡಿ.